ಶಾಂತಕ್ಕನ ಹಾಡಿಗೆ ನನ್ನ ಪೆಡಲ್ ಸ್ಟೀಲು

ಪೆಡಲ್ ಸ್ಟೀಲ್ ಗಿಟಾರ್ ನುಡಿಸಲು ಎರಡು ಕೈ, ಎರಡು ಪಾದ, ಎರಡು ಮೊಣಕಾಲು ಬೇಕು. ನನ್ನ ಬಳಿ ಇವೆಲ್ಲವೂ ಇದ್ದವು, ಅದೂ ಸುಸ್ಥಿತಿಯಲ್ಲಿ! ಆದ್ದರಿಂದ ಮೂರು ವಾರದಲ್ಲಿ ಕಲಿತುಬಿಡುತ್ತೇನೆ ಎಂದು ತೀರ್ಮಾನಿಸಿದ್ದರಲ್ಲಿ ನನ್ನ ತಪ್ಪೇನೂ ಇರಲಿಲ್ಲ.

ಅನುಭವವೂ ಇತ್ತು. ದಾವಣಗೆರೆಯಲ್ಲಿ ಓದುವಾಗ ಕಾಲೇಜಿನ ಆರ್ಕೆಸ್ಟ್ರಾದಲ್ಲಿ ಎರಡು ವರ್ಷ ಹವಾಯಿಯನ್ ಗಿಟಾರ್ ನುಡಿಸಿದವನು ನಾನು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿದರೆ ಮುಂದಿನ ಸಾಲಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಸೆಖೆಯ ಬೆವರು ಎಂದು ಕೆಲವರು ಹೇಳಿದ್ದುಂಟು. ಬರೀ ಹೊಟ್ಟೆಕಿಚ್ಚು!

ಅಮೆರಿಕಕ್ಕೆ ಬಂದು ಬೆರ್ರಿಯೆಸಾದಲ್ಲಿ ಮನೆ ಮಾಡಿದ ಮೇಲೆ ನನಗೆ ಇಲ್ಲಿನ ಹಳ್ಳಿಗಾಡಿನ ಹಳೆಯ ಕಂಟ್ರಿ ಹಾಡುಗಳ ರೆಕಾರ್ಡು ಕೂಡಿಡುವ ಹುಚ್ಚು ಹತ್ತಿತು. ಆ ಹಾಡುಗಳಲ್ಲಿ ಗಾಯಕ ಒಂದು ಸಾಲು ಮುಗಿಸಿ ಉಸಿರೆಳೆದುಕೊಳ್ಳುವಾಗ, ಹಿಂದಿನಿಂದ ಒಂದು ಸ್ವರ ಬಿಕ್ಕುತ್ತಾ ಮೇಲೇರುತ್ತದೆ. ಅದೇ ಪೆಡಲ್ ಸ್ಟೀಲ್. ನುಡಿಸುತ್ತಿದ್ದವರು ಸೆಷನ್ ಕಲಾವಿದರು. ಸ್ಟುಡಿಯೋದವರು ಕರೆದಾಗ ಹೋಗಿ, ಅವತ್ತು ಯಾರ ಹಾಡಿದೆಯೋ ಅದಕ್ಕೆ ನುಡಿಸಿ, ಮನೆಗೆ ವಾಪಸಾಗುತ್ತಿದ್ದವರು. ಎಷ್ಟೋ ರೆಕಾರ್ಡುಗಳ ಹೊದಿಕೆಯ ಮೇಲೆ ಗಾಯಕನಿದ್ದಾನೆ, ಗಾಯಕನ ಟೋಪಿಯಿದೆ, ಕುದುರೆಯೂ ಇದೆ. ಇವರ ಹೆಸರಿಲ್ಲ.

ಬರ್ಕ್ಲಿಯ ಹಳೆ ರೆಕಾರ್ಡಿನ ಅಂಗಡಿಯೊಂದರಲ್ಲಿ ನಾನು ಅಂಥದ್ದೊಂದನ್ನು ತಿರುವಿ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಮುದುಕರು, "ಅದರ ಎರಡನೇ ಹಾಡಿಗೆ ಸ್ಟೀಲ್ ನುಡಿಸಿದ್ದು ನಾನು" ಅಂದರು. ಹೆಸರು ರಾಯ್, ವಯಸ್ಸು ಎಂಬತ್ತೊಂದು. ನನಗೆ ದೇವರೇ ಎದುರಿಗೆ ನಿಂತಂತಾಯಿತು. ನಮ್ಮಿಬ್ಬರ ಸ್ನೇಹ ಬೆಳೆಯಿತು.

ಒಂದು ಭಾನುವಾರ ಶಾಂತಕ್ಕ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಧಾರವಾಡದವರು, ಅರವತ್ತೆಂಟು ವರ್ಷ. ಇಲ್ಲಿನ ಕನ್ನಡಿಗರ ಎಷ್ಟೋ ಸೀಮಂತ, ನಾಮಕರಣಗಳಿಗೆ ಹಾಡಿದವರು. ಬರ್ಕ್ಲಿಯ ಡೇಕೇರಿನ ಕೆಲಸ ಮುಗಿಸಿ ಅವರು ರೈಲಿಳಿಯುವಾಗ ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ಗಂಡ ಸ್ವೆಟರು ಹಿಡಿದು ಕಾಯುತ್ತಿದ್ದರಂತೆ. ಗಂಡ ತೀರಿಕೊಂಡ ಮೇಲೆ ಆ ಕಾಯುವಿಕೆಯ ಬಗ್ಗೆ ಶಾಂತಕ್ಕ ಒಂದು ಹಾಡು ಕಟ್ಟಿದ್ದರು. ಜೀವನದಲ್ಲಿ ಮೊದಲ ಸಲ ರೆಕಾರ್ಡಿಂಗು ಮಾಡಿಸಲು ಬರ್ಕ್ಲಿ ಪಕ್ಕದ ಎಮರಿವಿಲ್‌ನ ಸಣ್ಣ ಸ್ಟುಡಿಯೋದಲ್ಲಿ ಮೂರು ವಾರ ಬಿಟ್ಟು ಅರ್ಧ ದಿನ ಗೊತ್ತುಮಾಡಿದ್ದರು.

ಅವತ್ತು ನಾನು ರಾಯ್ ನುಡಿಸಿದ ರೆಕಾರ್ಡು ಹಾಕಿದೆ. ಶಾಂತಕ್ಕನ ಕಣ್ಣು ತುಂಬಿತು.

"ತಮ್ಮಾ, ಈ ಅಳೋ ವಾದ್ಯ ನನ್ನ ಹಾಡಿಗೆ ಬೇಕಾಗೇದ. ಯಾರರ ನುಡಸೋರು ಸಿಗ್ತಾರೇನು?"

ರಾಯ್ ಅವರ ಫೋನ್ ನಂಬರು ಕೊಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನಾನು ಎದೆಯುಬ್ಬಿಸಿ, "ನಾನಿದೀನಲ್ಲ ಅಕ್ಕಾ!" ಅಂದೆ.

ರಾಯ್ ತಮ್ಮ ಎರಡನೆಯ ಪೆಡಲ್ ಸ್ಟೀಲನ್ನು ನನಗೆ ಎರವಲು ಕೊಟ್ಟರು. ಒಂದು ವರ್ಷ ಜನರ ಮುಂದೆ ನುಡಿಸಬೇಡ ಎಂದೂ ಹೇಳಿದರು. ಮೂರು ವಾರ ಸಾಕು ಎಂದೆ. ಅವರು ಶುಭವಾಗಲಿ ಎಂದರು.

ನಾಲ್ಕು ಕಾಲಿನ ಮೇಜಿನಂಥ ವಾದ್ಯ ಅದು. ಮೇಲೆ ಹತ್ತು ತಂತಿ. ಕೆಳಗೆ ಎಡಗಾಲಿಗೆ ಮೂರು ಪೆಡಲ್ಲು, ಬಲಗಾಲಿಗೆ ಸದ್ದು ಏರಿಸಿ ಇಳಿಸುವ ಇನ್ನೊಂದು. ಸಾಲದೆಂದು ಮೊಣಕಾಲಿನಿಂದ ಅತ್ತಿತ್ತ ತಳ್ಳುವ ಲಿವರುಗಳು. ತಳ್ಳಿದರೆ ಸ್ವರವೇ ಬದಲಾಗುತ್ತದೆ.

ನನ್ನ ಹೆಂಡತಿ ಸುಜಾತ ಉಡುಪಿಯವಳು. ನೋಡಿದವಳೇ ಹೌಹಾರಿದಳು.

"ಎಂತ ಮಾರಾಯ್ರೆ ಇದು! ವಾದ್ಯವನ್ನು ಕಾಲಲ್ಲಿ ತುಳಿಯುದಾ?"

"ಮೇಲಿನದು ಮಾತ್ರ ಸರಸ್ವತಿ. ಕೆಳಗಿನದು ಬರೀ ಬ್ರೇಕು, ಆಕ್ಸಿಲರೇಟರು" ಎಂದು ಸಮಾಧಾನ ಹೇಳಿದೆ. ಆದರೂ ಭಯಕ್ಕೆ ಪೆಡಲ್ಲುಗಳಿಗೆ ಕುಂಕುಮವಿಟ್ಟು, ಬರಿಗಾಲಲ್ಲೇ ಅಭ್ಯಾಸ ಶುರುಮಾಡಿದೆ. ಮೂರನೆಯ ದಿನ ಸುಜಾತ ಗ್ಯಾರೇಜಿನ ಬಾಗಿಲು ತೆರೆದು, "ಬೆಕ್ಕೇನಾದ್ರೂ ಸಿಕ್ಕಿಕೊಂಡಿದ್ಯಾ ಅಂತ ನೋಡ್ಲಿಕ್ಕೆ ಬಂದೆ" ಅಂದಳು. ನಾನು ಕುಗ್ಗಲಿಲ್ಲ. ಬದಲಿಗೆ, ನನ್ನ ಪ್ರತಿಭೆಯನ್ನು ಕಣ್ಣಾರೆ ಕಾಣಲಿ ಎಂದು ರಾಯ್ ಅವರನ್ನೂ ಸ್ಟುಡಿಯೋಗೆ ಆಹ್ವಾನಿಸಿದೆ!

ರೆಕಾರ್ಡಿಂಗಿನ ದಿನ ಸುಜಾತ ವಿಡಿಯೋ ಮಾಡುವವಳಿದ್ದಳು. ಹಾಗಾಗಿ ನಾನು ಜರಿಯಂಚಿನ ಪಂಚೆ ಉಟ್ಟೆ.

"ಪ್ಯಾಂಟು ಹಾಕಿಕೊಳ್ಳಿ ಮಾರಾಯ್ರೆ."

"ಕನ್ನಡದ ಹಾಡಿಗೆ ಪ್ಯಾಂಟಾ?"

ರೆಕಾರ್ಡಿಂಗು ಶುರುವಾಯಿತು. ಮೊದಲ ಸಾಲಿಗೇ ನನ್ನ ಬಲಗಾಲು ಸದ್ದಿನ ಪೆಡಲನ್ನು ನೆಲಕ್ಕೆ ಒತ್ತಿಬಿಟ್ಟಿತು. ಶಾಂತಕ್ಕ ಹೆಡ್‌ಫೋನು ಕಿತ್ತೆಸೆದರು. "ಯಪ್ಪಾ! ಲಾರಿ ಬಂತೇನೋ ತಮ್ಮಾ!"

ಎರಡನೆಯ ಸಲ ಸದ್ದು ಹತೋಟಿಗೆ ಬಂತು. ಆದರೆ ಶಾಂತಕ್ಕ ಬಾಯಿ ತೆರೆದಾಗಲೆಲ್ಲ ನಾನೂ ನುಡಿಸಿದೆ, ಒಂದಕ್ಷರ ಬಿಡದೆ. ಅವರು ಹಾಡು ನಿಲ್ಲಿಸಿದರು. "ನಾ ಹಾಡ್ಲೋ, ಬ್ಯಾಡೋ?"

ಮೂರನೆಯ ಸಲ ಎಲ್ಲ ಚೆನ್ನಾಗಿ ಸಾಗಿತ್ತು. ಇದ್ದಕ್ಕಿದ್ದಂತೆ ಸ್ವರ ಕೆಳಗಿಳಿಯಿತು. ಎಷ್ಟು ಒದ್ದಾಡಿದರೂ ಮೇಲೇರಲಿಲ್ಲ. ಪಾಪ, ಶಾಂತಕ್ಕ ನನ್ನ ಶ್ರುತಿಯನ್ನೇ ನಂಬಿ ಹಿಂದೆಯೇ ಇಳಿದರು. ಬಗ್ಗಿ ನೋಡಿದರೆ ಪಂಚೆಯ ಅಂಚು ಮೊಣಕಾಲಿನ ಲಿವರಿಗೆ ಸುತ್ತಿಕೊಂಡು ಅದನ್ನು ಬಿಗಿಯಾಗಿ ಎಳೆದು ಹಿಡಿದಿತ್ತು. ಬಿಡಿಸಲು ಗಡಬಡಿಸಿ ಎದ್ದು ನಿಂತೆ. ನಾನು ಎದ್ದೆ. ಪಂಚೆ ಏಳಲಿಲ್ಲ!

ಒಳಗೆ ಬರ್ಮುಡಾ ಇದ್ದದ್ದು ನನ್ನ ಪೂರ್ವಜನ್ಮದ ಪುಣ್ಯ. ಸುಜಾತ ವಿಡಿಯೋ ನಿಲ್ಲಿಸಲಿಲ್ಲ.

ಗೊತ್ತುಮಾಡಿದ್ದ ಅರ್ಧ ದಿನದಲ್ಲಿ ಇನ್ನು ಮುಕ್ಕಾಲು ಗಂಟೆಯಷ್ಟೇ ಉಳಿದಿತ್ತು. ಶಾಂತಕ್ಕ ಹಾಡಿನ ಪುಸ್ತಕ ಮುಚ್ಚಿ, "ಇರ್ಲಿ ಬಿಡು ತಮ್ಮಾ. ಬರೇ ತಂಬೂರಿ ಇಟ್ಕೊಂಡು ಹಾಡ್ತೀನಿ" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ದನಿ ನಡುಗಿದ್ದನ್ನು ತಡೆಯಲಾಗಲಿಲ್ಲ. ಪಂಚೆಯನ್ನು ಕಂಕುಳಲ್ಲಿಟ್ಟುಕೊಂಡು, ಮೂಲೆಯಲ್ಲಿ ಕೂತಿದ್ದ ರಾಯ್ ಮುಂದೆ ಹೋಗಿ ನಿಂತೆ. "ದಯವಿಟ್ಟು ನೀವು ನುಡಿಸಿ."

ಅವರು ಶಾಂತಕ್ಕನಿಂದ ಹಾಡನ್ನು ಒಂದೇ ಸಲ ಕೇಳಿದರು. ಅರ್ಥ ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: ಇವರು ಉಸಿರು ತೆಗೆದುಕೊಳ್ಳುವುದು ಎಲ್ಲೆಲ್ಲಿ? ಸುಜಾತ ಕಾಗದದ ಮೇಲೆ ಗುರುತು ಹಾಕಿಕೊಟ್ಟಳು.

ಆಮೇಲೆ ರಾಯ್ ಬರೀ ಆ ಜಾಗಗಳಲ್ಲಿ ನುಡಿಸಿದರು. ಶಾಂತಕ್ಕ ಹಾಡುವಾಗ ಸುಮ್ಮನಿರುತ್ತಿದ್ದರು. ಅಕ್ಕ ನಿಲ್ಲಿಸಿದಾಗ ದೂರದಿಂದ ಯಾರೋ ಓಗೊಟ್ಟಂತೆ ಒಂದು ಸ್ವರ ಬರುತ್ತಿತ್ತು. ಹಾಡು ಮುಗಿದ ಮೇಲೂ ಶಾಂತಕ್ಕ ಕಣ್ಣು ತೆರೆಯಲಿಲ್ಲ.

"ನಮ್ಮವರು ಕರದಂಗಾತು" ಅಂದರು.

ಒಂದೇ ಸಲಕ್ಕೆ ರೆಕಾರ್ಡಿಂಗು ಮುಗಿದಿತ್ತು. ನಾನೂ ಅತ್ತೆ. ಬರ್ಮುಡಾದಲ್ಲಿ.

ವಾದ್ಯವನ್ನು ರಾಯ್ ಅವರಿಗೆ ಹಿಂದಿರುಗಿಸಿದೆ. ಎರಡು ತಿಂಗಳ ನಂತರ ಅವರದೇ ಫೋನು ಬಂತು. ಬರ್ಕ್ಲಿಯಲ್ಲಿ ಒಂದು ರೆಕಾರ್ಡಿಂಗಿದೆ, ನೀನು ಬಂದರೆ ಬಹಳ ಉಪಕಾರವಾಗುತ್ತದೆ ಎಂದರು. ನಾನು ಅಡುಗೆಮನೆಗೆ ಓಡಿದೆ.

"ಸುಜಾತಾ, ರಾಯ್ ನನ್ನನ್ನ ಸೆಷನ್ನಿಗೆ ಕರೀತಿದಾರೆ!"

ಅವಳು ಒಲೆ ಆರಿಸಿ ನನ್ನ ಕೈಯಿಂದ ಫೋನು ಇಸಿದುಕೊಂಡಳು. ಎರಡು ನಿಮಿಷ "ಓಕೆ, ಓಕೆ" ಎಂದು ಮಾತಾಡಿ ಕೆಳಗಿಟ್ಟಳು.

"ಹೋಗಿಬನ್ನಿ. ಅವರಿಗೆ ಸೊಂಟ ನೋವಂತೆ. ಕಾರಿನಿಂದ ವಾದ್ಯ ಎತ್ತಿ ಒಳಗಿಡ್ಲಿಕ್ಕೆ ಜನ ಬೇಕಂತೆ."

ಹೋದೆ. ಆ ವಾದ್ಯದ ಒಂದೇ ಒಂದು ತಂತಿಯನ್ನೂ ಮುಟ್ಟದೆ, ಪೆಟ್ಟಿಗೆಯನ್ನು ಎಲ್ಲೂ ತಗುಲಿಸದೆ, ಎರಡು ಮಹಡಿ ಹತ್ತಿಸಿ ಇಳಿಸಿದೆ. ಇಷ್ಟು ಚೆನ್ನಾಗಿ ಕೆಲಸ ಮಾಡುವವರು ಸಿಕ್ಕಿರಲಿಲ್ಲ ಎಂದು ರಾಯ್ ಮೆಚ್ಚಿಕೊಂಡರು. ಈಗ ಅವರ ಎಲ್ಲ ರೆಕಾರ್ಡಿಂಗುಗಳಿಗೂ ನಾನೇ ಹೋಗುತ್ತೇನೆ!