ಯಂತ್ರ ಕಾಯುವ ಕೆಲಸ

ಆ ಶನಿವಾರ ಬೆಳಿಗ್ಗೆ ಅವನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ಪಟ್ಟಾಭಿಷೇಕಕ್ಕೆ ಕೂತವನ ಗತ್ತಿನಲ್ಲಿ ಕುರ್ಚಿ ಎಳೆದುಕೊಂಡು, ಹೆಂಡತಿಗೆ ಕೇಳಿಸಲೆಂದೇ ಘೋಷಿಸಿದ: "ಇವತ್ತು ಭೂಮಿ ಬಿರಿದ್ರೂ ನಾನು ಆಫೀಸಿಗೆ ಹೋಗಲ್ಲ. ಕೂತಲ್ಲಿಂದಲೇ ಎಲ್ಲಾ ನೋಡ್ಕೋತೀನಿ."

"ಸದ್ಯಕ್ಕೆ ಎದ್ದು ಬಂದು ಏಣಿ ಹಿಡೀರಿ" ಎಂದಳು ಹೆಂಡತಿ.

ಅವಳು ಆಸ್ಪತ್ರೆಯಲ್ಲಿ ನರ್ಸು. ಆರು ವಾರಗಳ ನಂತರ ಸಿಕ್ಕ ಮೊದಲ ಶನಿವಾರದ ರಜೆ. ಅಡುಗೆಮನೆಯ ಮೇಲಿನ ಅಟ್ಟವನ್ನು ಇವತ್ತು ಗುಡಿಸಿ ಗುಡ್ಡೆ ಹಾಕಿಯೇ ಸಿದ್ಧ ಎಂದು ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

ಅವನು ಕಿವಿ ಮತ್ತು ಮಾತಿನ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆಯೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ. ಎಲ್ಲರೂ ಅವನನ್ನು 'ಸರ್ವರಣ್ಣ' ಎಂದೇ ಕರೆಯುತ್ತಿದ್ದರು. ಸರ್ವರಿಗೂ ಅಣ್ಣ ಎಂಬ ಅರ್ಥದಲ್ಲಿ ಎಂದು ಅವನು ಬಹಳ ಕಾಲ ತಿಳಿದುಕೊಂಡಿದ್ದ. ಅವನ ವಶದಲ್ಲಿದ್ದ ಯಂತ್ರಗಳಲ್ಲೆಲ್ಲ ದೊಡ್ಡದು, ಭಾರಿ ಲೆಕ್ಕ ಮಾಡುವ ಎಂಟು ಜಿಪಿಯು ಕಾರ್ಡುಗಳ ಒಂದು ಸರ್ವರ್. ಹನ್ನೊಂದು ದಿನಗಳಿಂದ ಅದು ಸಂಸ್ಥೆಯ ವಿಜ್ಞಾನಿ ಮೇಡಂ ಕೊಟ್ಟ ಲೆಕ್ಕವನ್ನು ಉಸಿರು ಬಿಡದೆ ಮಾಡುತ್ತಿತ್ತು. ಗದ್ದಲದ ನಡುವೆಯೂ ಮಾತನ್ನಷ್ಟೇ ಹೆಕ್ಕಿ ಕೊಡುವುದನ್ನು ಶ್ರವಣಯಂತ್ರಗಳಿಗೆ ಕಲಿಸುವ ಲೆಕ್ಕ ಅದು. ಸಂಜೆ ಐದಕ್ಕೆ ಮುಗಿಯಬೇಕು. ಸೋಮವಾರ ಕಿವಿ ಮಂದವಾದ ಹನ್ನೆರಡು ಮಕ್ಕಳು ಆ ಶ್ರವಣಯಂತ್ರ ಹಾಕಿಕೊಂಡು ನೋಡಲು ಬರುವವರಿದ್ದರು. ನಡುವೆ ಯಂತ್ರ ನಿಂತುಹೋದರೆ ಆ ಮಕ್ಕಳನ್ನು ಬಾಗಿಲಿಂದಲೇ ವಾಪಸು ಕಳಿಸಬೇಕಾಗುತ್ತಿತ್ತು.

ಅಂಥ ಯಂತ್ರವನ್ನು ಮನೆಯಿಂದ ನೋಡಿಕೊಳ್ಳುವುದು ಹೇಗೆಂದರೆ, ಅದರ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಕಂಪ್ಯೂಟರು ಕೂತಿರುತ್ತದೆ. ಅದಕ್ಕೆ ಕಂಟ್ರೋಲರ್ ಎನ್ನುತ್ತಾರೆ. ದೊಡ್ಡದು ನಿದ್ದೆ ಹೋದರೂ ಇದು ಎಚ್ಚರವಾಗಿರುತ್ತದೆ. ಎಲ್ಲಿಂದ ಬೇಕಾದರೂ ಬ್ರೌಸರಿನಲ್ಲಿ ಅದರ ಪುಟ ತೆರೆದು, ಯಾವ ಕಾರ್ಡು ಎಷ್ಟು ಬಿಸಿಯಾಗಿದೆ ನೋಡಬಹುದು, ಫ್ಯಾನುಗಳ ವೇಗ ಹೆಚ್ಚು ಕಡಿಮೆ ಮಾಡಬಹುದು, ಬೇಕೆಂದರೆ ಇಡೀ ಯಂತ್ರವನ್ನೇ ಆರಿಸಬಹುದು.

ಪುಟ ತೆರೆದ. ಎಲ್ಲ ಕಡೆ ಹಸಿರು. ಎಪ್ಪತ್ತೊಂದು ಡಿಗ್ರಿ, ಎಪ್ಪತ್ತೆರಡು, ಎಪ್ಪತ್ತೊಂದು. ಒಳ್ಳೆಯ ಮನುಷ್ಯನಾದರೆ ಇಷ್ಟಕ್ಕೆ ಮುಚ್ಚಿಟ್ಟು ಕಾಫಿ ಕುಡಿಯುತ್ತಿದ್ದ. ಸರ್ವರಣ್ಣನಿಗೆ ಕೂತಲ್ಲಿ ಮುಳ್ಳು ಚುಚ್ಚತೊಡಗಿತು. ಪುಟವನ್ನು ಮತ್ತೆ ತೆರೆದ. ಹಸಿರು. ಏಣಿ ಹಿಡಿಯಲು ಹೋದವನು ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಹಿಡಿದು ಮತ್ತೆ ನೋಡಿದ. ಹಸಿರು. ಒಂದು ಗಂಟೆಯಲ್ಲಿ ಐವತ್ತು ಸಲವಾದರೂ ನೋಡಿರಬೇಕು.

ಅಟ್ಟ ಹತ್ತಿದ ಹೆಂಡತಿ ಮೇಲಿಂದ ಬಗ್ಗಿ ಕೇಳಿದಳು. "ನಮ್ಮ ವಾರ್ಡಲ್ಲಿ ಪೇಷೆಂಟು ನಿದ್ದೆ ಮಾಡ್ತಿದ್ರೆ, ಚೆನ್ನಾಗಿ ನಿದ್ದೆ ಬಂತಾ ಅಂತ ಯಾರೂ ಅಲ್ಲಾಡಿಸಿ ಎಬ್ಬಿಸಿ ಕೇಳಲ್ಲ. ಗೊತ್ತಾ?"

"ನಾನೇನು ಎಬ್ಬಿಸ್ತಾ ಇದ್ದೀನಾ? ಕಾಯ್ತಾ ಇದ್ದೀನಿ."

"ಕಾಯೋದಾದ್ರೆ ಕಾಯಿರಿ. ಕಾಯಿಸಬೇಡಿ ಅಷ್ಟೆ."

ಹನ್ನೊಂದು ಗಂಟೆಗೆ ನಾಲ್ಕನೆಯ ಕಾರ್ಡು ಎಪ್ಪತ್ತೊಂಬತ್ತಕ್ಕೆ ಏರಿತು. ಅದು ತೊಂಬತ್ತೈದರವರೆಗೂ ಸಹಿಸಬಲ್ಲದು, ಅದಕ್ಕೆ ತಕ್ಕಂತೆ ಫ್ಯಾನುಗಳು ತಾವಾಗಿಯೇ ವೇಗ ಬದಲಿಸಿಕೊಳ್ಳುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಆದರೆ ತಾನಿರುವಾಗ ಅವು ತಾವಾಗಿ ಯಾಕೆ ಬದಲಿಸಿಕೊಳ್ಳಬೇಕು? ಫ್ಯಾನುಗಳನ್ನು ತನ್ನ ಕೈಗೆ ತೆಗೆದುಕೊಂಡು ನೂರಕ್ಕೆ ನೂರು ವೇಗ ಕೊಟ್ಟ. ಕಾರ್ಡು ಸರಸರನೆ ಅರವತ್ತಾರಕ್ಕೆ ಇಳಿಯಿತು. ಹಿಮಾಲಯವನ್ನೇ ಎತ್ತಿ ತಂದು ಇಟ್ಟಷ್ಟು ಹೆಮ್ಮೆಯಾಯಿತು.

ಅರ್ಧ ಗಂಟೆಗೆ ಫೋನ್ ಬಂತು. ಸಂಸ್ಥೆಯ ವಾಚ್‌ಮನ್.

"ಸಾರ್, ನಿಮ್ಮ ರೂಮಲ್ಲಿ ವಿಮಾನ ಇಳೀತಾ ಇದೆಯಾ?"

"ಫ್ಯಾನ್ ಸದ್ದು ಕಣಪ್ಪ. ಗಾಬರಿ ಆಗಬೇಡ."

"ನನಗೇನೂ ಗಾಬರಿ ಇಲ್ಲ ಸಾರ್. ಪಕ್ಕದ ರೂಮಿನ ಡಾಕ್ಟರಮ್ಮನಿಗೆ ಆಗಿದೆ. ಕಿವಿ ಪರೀಕ್ಷೆ ನಡೀತಿದೆ. ಹನ್ನೊಂದರ ತನಕ ಬಂದೋರಿಗೆಲ್ಲ ಕಿವಿ ಚೆನ್ನಾಗಿತ್ತಂತೆ. ಆಮೇಲೆ ಬಂದ ನಾಲ್ಕು ಜನಕ್ಕೂ ಒಂದು ಸದ್ದೂ ಕೇಳಿಸ್ತಿಲ್ಲವಂತೆ. ಊರಿಗೇನಾದ್ರೂ ರೋಗ ಬಂದಿದೆಯಾ ಅಂತ ಕೇಳ್ತಿದ್ದಾರೆ."

ಫ್ಯಾನುಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಡಾಕ್ಟರಮ್ಮನಿಗೆ ಪಿಸುಮಾತೂ ಕೇಳಿಸುವಂತೆ ಮಾಡುತ್ತೇನೆಂದು ವೇಗವನ್ನು ನೂರರಿಂದ ಒಮ್ಮೆಲೇ ಮೂವತ್ತಕ್ಕೆ ಇಳಿಸಿದ. ಅಷ್ಟರಲ್ಲಿ ಅಟ್ಟದಿಂದ ಕರೆ ಬಂತು. ಹಳೆಯ ಹೊಲಿಗೆ ಯಂತ್ರ, ಎರಡು ಟ್ರಂಕು, ಮುರಿದ ತೊಟ್ಟಿಲು ಒಂದೊಂದಾಗಿ ಇಳಿದುಬಂದವು. ಅವನ್ನೆಲ್ಲ ಹಿಡಿದಿಟ್ಟು, ಧೂಳು ಕೊಡವಿಕೊಂಡು ಮೇಜಿಗೆ ಮರಳುವ ಹೊತ್ತಿಗೆ ಕಂಟ್ರೋಲರ್ ಅವನನ್ನು ಹೊರಗೆ ಹಾಕಿ ಕದ ಮುಚ್ಚಿಕೊಂಡಿತ್ತು. ಮತ್ತೆ ಪಾಸ್‌ವರ್ಡ್ ಕೊಡಿ ಎಂದಿತು. ಅದೇ ಹೊತ್ತಿಗೆ ಫೋನಿಗೆ ಎಚ್ಚರಿಕೆಯ ಸಂದೇಶ ಬಿತ್ತು: ನಾಲ್ಕನೆಯ ಕಾರ್ಡು, ಎಂಬತ್ತಾರು.

ಧೂಳು ಮೆತ್ತಿದ ಬೆರಳು. ಮೊದಲ ಸಲ ಒಂದು ಅಕ್ಷರ ತಪ್ಪಿತು. ಎರಡನೆಯ ಸಲ ಎರಡು ತಪ್ಪಿದವು. ಮೂರನೆಯ ಸಲ ಬಹಳ ಜೋಪಾನವಾಗಿ, ಹಿಂದಿನ ತಿಂಗಳ ಪಾಸ್‌ವರ್ಡ್ ಒತ್ತಿದ. 'ನಿಮ್ಮ ಖಾತೆಗೆ ಬೀಗ ಬಿದ್ದಿದೆ. ಮೂವತ್ತು ನಿಮಿಷ ಬಿಟ್ಟು ಬನ್ನಿ' ಎಂದಿತು ಪರದೆ. ಎಂಬತ್ತೆಂಟು, ಎಂದಿತು ಫೋನು.

ಬುದ್ಧಿ ನೆಟ್ಟಗಿದ್ದವರಿಗೆ ಹೊಳೆಯದ ಉಪಾಯಗಳು ಇಂಥ ಹೊತ್ತಿನಲ್ಲೇ ಹೊಳೆಯುತ್ತವೆ. ಮನೆಯ ಇಂಟರ್ನೆಟ್ಟನ್ನು ಒಮ್ಮೆ ಆರಿಸಿ ಹಚ್ಚಿದರೆ ನೆಟ್‌ವರ್ಕಿನಲ್ಲಿ ಮನೆಯ ವಿಳಾಸ ಬದಲಾಗುತ್ತದೆ, ಆಗ ಕಂಟ್ರೋಲರ್ ತನ್ನನ್ನು ಬೇರೆ ಯಾರೋ ಎಂದು ತಿಳಿದು ಒಳಗೆ ಬಿಟ್ಟೀತು ಎಂದುಕೊಂಡ. ಇಂಟರ್ನೆಟ್ಟಿನ ಪೆಟ್ಟಿಗೆ ಹಾಲ್‌ನಲ್ಲಿ ಸೂರಿನ ಹತ್ತಿರ ಗೋಡೆಗೆ ಅಂಟಿಕೊಂಡಿತ್ತು. ಅಡುಗೆಮನೆಗೆ ಓಡಿ, "ಎರಡೇ ನಿಮಿಷ" ಎಂದು ಗೊಣಗಿ, ಏಣಿ ಹೊತ್ತು ತಂದ. ಅಟ್ಟದ ಮೇಲೆ ಇನ್ನೊಂದು ಟ್ರಂಕಿನೊಳಗೆ ತಲೆ ಹುದುಗಿಸಿದ್ದ ಹೆಂಡತಿಗೆ ಅದು ಕೇಳಿಸಲಿಲ್ಲ.

ಪೆಟ್ಟಿಗೆಯೇನೋ ಆರಿತು. ಹಚ್ಚಿದ ಮೇಲೆ ಕೆಂಪು ದೀಪ ಮಿಟುಕಿಸುತ್ತ ನಿಂತಿತು, ಹಸಿರಿಗೆ ಬರುವ ಲಕ್ಷಣ ಕಾಣಲಿಲ್ಲ. ಬೀಗ ಬಿದ್ದಿರುವುದು ಮನೆಯ ವಿಳಾಸಕ್ಕಲ್ಲ, ತನ್ನ ಹೆಸರಿಗೇ ಎಂಬುದು ಅವನಿಗೆ ಏಣಿಯ ತುದಿಯಲ್ಲಿ ಹೊಳೆಯಿತು. ಫೋನು ಮತ್ತೆ ಕಿರುಗುಟ್ಟಿತು: ತೊಂಬತ್ತು. ಹನ್ನೆರಡು ಮಕ್ಕಳೂ ಸಾಲಾಗಿ ನಿಂತು ತನ್ನನ್ನೇ ನೋಡುತ್ತಿರುವಂತೆ ಕಂಡಿತು. ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ, ಸ್ಕೂಟರ್ ಹತ್ತಿ ಹೊರಟೇಬಿಟ್ಟ.

ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೊಂಬತ್ತೊಂದು, ತೊಂಬತ್ತೆರಡು ಎಂದು ತಾನೇ ಎಣಿಸಿಕೊಂಡು ಬೆವೆತ. ದೊಡ್ಡ ರಸ್ತೆಯ ಕೆಂಪು ದೀಪದಲ್ಲಿ ಕೊನೆಗೂ ತೆಗೆದು ಕಿವಿಗಿಟ್ಟ. ಹೆಂಡತಿ.

"ರೀ, ಏಣಿ ಎಲ್ಲಿ?"

"ಹಾಲ್‌ನಲ್ಲಿ."

"ನೀವೆಲ್ಲಿ?"

"ಸಿಗ್ನಲ್‌ನಲ್ಲಿ."

ಆ ಕಡೆ ಅಟ್ಟದ ಮೇಲೆ ಟ್ರಂಕಿನ ಮುಚ್ಚಳ ಧಡ್ಡನೆ ಬಿತ್ತು.

"ನಿಮ್ಮ ಕಾರ್ಡು ಈಗ ಎಷ್ಟರಲ್ಲಿದೆ?"

"ತೊಂಬತ್ತು ದಾಟಿದೆ ಕಣೇ. ತೊಂಬತ್ತೈದಾದ್ರೆ ಎಲ್ಲಾ ಮುಗೀತು."

"ನನ್ನ ಮೈ ಬಿಸಿ ಇನ್ನೂ ಮೂವತ್ತೇಳರಲ್ಲೇ ಇದೆ. ಏರೋದ್ರೊಳಗೆ ಬಂದ್ಬಿಡಿ."

ಸಂಸ್ಥೆಯ ಬಾಗಿಲಲ್ಲಿ ವಾಚ್‌ಮನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ತಲೆ ತುಂಬ ಜೇಡರ ಬಲೆ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು. ಕೀಲಿಕೈ ಮನೆಯಲ್ಲೇ ಉಳಿದಿತ್ತು. ವಾಚ್‌ಮನ್ ತನ್ನಲ್ಲಿದ್ದ ಇನ್ನೊಂದು ಕೀಲಿಯಿಂದ ಕೋಣೆ ತೆಗೆದುಕೊಟ್ಟ. ಒಳಗೆ ಯಂತ್ರ ಹೊಟ್ಟೆ ತುಂಬಿದ ಹಸುವಿನ ಹಾಗೆ ಹದವಾಗಿ ಗುಂಯ್ಗುಡುತ್ತಿತ್ತು. ಮುಂಭಾಗದಲ್ಲಿ ಒಂದೂ ಕೆಂಪು ದೀಪವಿಲ್ಲ. ಏನೂ ಅರ್ಥವಾಗದೆ, ತಪ್ಪೊಪ್ಪಿಕೊಳ್ಳೋಣವೆಂದು ವಿಜ್ಞಾನಿ ಮೇಡಂಗೆ ಫೋನ್ ಮಾಡಿದ.

"ಅಯ್ಯೋ, ಅದಾ?" ಎಂದರು ಅವರು. "ಎಚ್ಚರಿಕೆ ನನಗೂ ಬರುತ್ತಲ್ಲ. ಫ್ಯಾನ್ ಯಾರೋ ಮೂವತ್ತಕ್ಕೆ ಇಟ್ಟಿದ್ರು. ನನ್ನ ಖಾತೆಯಿಂದ ಹೋಗಿ ಮೊದಲಿನ ಹಾಗೆ ಅದರ ಪಾಡಿಗೆ ಬಿಟ್ಟೆ. ನಿಮಗೆ ನಾಲ್ಕು ಸಲ ಫೋನ್ ಮಾಡ್ದೆ, ನೀವು ತೆಗೀಲಿಲ್ಲ."

"ತಾವು ಎಲ್ಲಿಂದ ಮಾಡಿದ್ರಿ ಮೇಡಂ?"

"ಪಾರ್ಲರಿಂದ. ತಲೆಗೆ ಬಣ್ಣ ಹಚ್ಚಿಸ್ಕೊಂಡು ಕೂತಿದ್ದೆ, ಹೇಗೂ ಬೇರೆ ಕೆಲಸ ಇರಲಿಲ್ಲ. ಲೆಕ್ಕ ಸರಿಯಾಗಿ ನಡೀತಿದೆ. ಐದಕ್ಕೆ ಮುಗಿಯುತ್ತೆ. ನೀವು ಆರಾಮಾಗಿರಿ."

ಆರಾಮಾಗಿರಲು ಪಕ್ಕದ ಕೋಣೆಯವರು ಬಿಡಬೇಕಲ್ಲ. ಡಾಕ್ಟರಮ್ಮ ನಾಲ್ವರನ್ನೂ ಮತ್ತೆ ಕೂರಿಸಿ ಪರೀಕ್ಷೆ ಮಾಡಿದ್ದರು. ಮೂವರು ನಗುತ್ತ ಹೋದರು. ನಾಲ್ಕನೆಯವರು ವಯಸ್ಸಾದ ಒಬ್ಬ ಯಜಮಾನರು, ಜೊತೆಯಲ್ಲಿ ಅವರ ಹೆಂಡತಿ. "ನಿಮ್ಮ ಕಿವಿ ಹುಡುಗರ ಕಿವಿ ಇದ್ದ ಹಾಗಿದೆ ಯಜಮಾನರೇ" ಎಂದು ಡಾಕ್ಟರಮ್ಮ ಹೇಳುವುದಕ್ಕೂ ಸರ್ವರಣ್ಣ ಕ್ಷಮೆ ಕೇಳಲು ಒಳಗೆ ಬರುವುದಕ್ಕೂ ಸರಿಹೋಯಿತು.

ಅಜ್ಜಿ ಗಂಡನ ಕಡೆ ನಿಧಾನವಾಗಿ ತಿರುಗಿದರು. "ಹಾಗಾದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲಾ ನಿಮಗೆ ಕೇಳಿಸ್ತಿತ್ತು."

ಯಜಮಾನರು ಸರ್ವರಣ್ಣನ ಕಡೆ ನೋಡಿ, "ಆ ಸದ್ದು ಇನ್ನೊಂದು ಗಂಟೆ ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತಪ್ಪ?" ಎಂದರು.

ಮನೆಗೆ ಮರಳಿದಾಗ ಒಂದೂವರೆ. ಏಣಿ ಹೊತ್ತು ಅಡುಗೆಮನೆಗೆ ಓಡಿದ. ಅಟ್ಟ ಲಕಲಕ ಹೊಳೆಯುತ್ತಿತ್ತು. ಹೆಂಡತಿ ಹಳೆಯ ಹಾಸಿಗೆಯೊಂದಕ್ಕೆ ಒರಗಿ, ಕಾಲು ಚಾಚಿ, ಎಂದೋ ಕಟ್ಟಿಟ್ಟ ವಾರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಓದುತ್ತಿದ್ದಳು.

"ತಪ್ಪಾಯ್ತು ಕಣೇ. ಏಣಿ ತಂದೆ. ಇಳಿ."

"ಇಳಿಯಲ್ಲ."

"ಯಾಕೆ? ಕೋಪಾನಾ?"

"ಮೊದಲ ಅರ್ಧ ಗಂಟೆ ಇತ್ತು. ಪಕ್ಕದ ಮನೆಯೋರನ್ನ ಕರೆಯೋಣ ಅಂತ ಫೋನೂ ತೆಗೆದೆ." ಅವಳು ಪುಟ ತಿರುಗಿಸಿದಳು. "ಆಮೇಲೆ ಯೋಚನೆ ಮಾಡ್ದೆ. ಆರು ವಾರದಲ್ಲಿ ಇದೇ ಮೊದಲು, ಇಷ್ಟು ಹೊತ್ತು ಯಾರೂ ನನ್ನ ಸಿಸ್ಟರ್ ಅಂತಾನೂ ಕರೀಲಿಲ್ಲ, ಲೇ ಅಂತಾನೂ ಕರೀಲಿಲ್ಲ. ಇನ್ನೊಂದು ಗಂಟೆ ಇಲ್ಲೇ ಇರ್ತೀನಿ. ಧಾರಾವಾಹಿ ಮೂರು ಕಂತು ಬಾಕಿ ಇದೆ."

ಅವನು ಏಣಿಯ ಬುಡದಲ್ಲಿ ನಿಂತ. ಒಂದು ನಿಮಿಷ ಸುಮ್ಮನಿದ್ದ. ಎರಡನೆಯ ನಿಮಿಷಕ್ಕೆ ಕೈ ತುರಿಸತೊಡಗಿತು.

"ಮೇಲೆ ಸೆಕೆ ಆಗ್ತಿರಬೇಕಲ್ಲ? ಟೇಬಲ್ ಫ್ಯಾನ್ ತಂದಿಡ್ಲಾ?"

ಅಟ್ಟದಿಂದ ಪತ್ರಿಕೆ ಒಂದಿಷ್ಟು ಕೆಳಗಿಳಿದು, ಅದರ ಮೇಲಂಚಿನಲ್ಲಿ ಎರಡು ಕಣ್ಣು ಕಂಡವು.

"ರೀ, ನೀವು ಏನನ್ನೂ ಮುಟ್ಟಬೇಡಿ. ನಾನಾಗೇ ತಣ್ಣಗಾಗ್ತೀನಿ."