ಹುಂಜ ಬಸ್ಸು ಹತ್ತಿದ ಹನ್ನೆರಡು ವಾರ

ಟೈಮ್‌ಟೇಬಲ್ ಬರೆಯುವುದರಲ್ಲಿ ಇರುವ ಸುಖ ಅದರಂತೆ ನಡೆಯುವುದರಲ್ಲಿ ಇಲ್ಲ ಎಂಬುದನ್ನು ನಾನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ನಾನು ಬರೆದು ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್ ತೋರಿಸಲು ಕನಕಪುರದ ನಮ್ಮ ಬೀದಿಯ ಹೆಂಗಸರು ತಮ್ಮ ಮಕ್ಕಳನ್ನು ಕಿವಿ ಹಿಡಿದು ಕರೆತರುತ್ತಿದ್ದರು. ಗಣಿತಕ್ಕೆ ಹಸಿರು, ವಿಜ್ಞಾನಕ್ಕೆ ನೀಲಿ, ಊಟಕ್ಕೆ ಕಿತ್ತಳೆ. ಬೆಳಗಿನ ಜಾವ ಐದಕ್ಕೆ ಏಳುವುದು ಎಂದು ಬರೆದಿದ್ದ ಚೌಕದ ಸುತ್ತ ಹೂಬಳ್ಳಿ ಬೇರೆ. ಅದನ್ನು ಮುಗಿಸಲು ನಾಲ್ಕು ದಿನ ಹಿಡಿದಿತ್ತು. ಆ ನಾಲ್ಕು ದಿನ ಓದಿದ್ದರೆ ಗಣಿತದಲ್ಲಿ ಮೂವತ್ತೆಂಟಕ್ಕಿಂತ ಒಂದಿಷ್ಟು ಹೆಚ್ಚು ಬರುತ್ತಿತ್ತು ಎಂದು ಮೇಷ್ಟ್ರು ಹೇಳಿದರು. ಪಾಪ, ಅವರಿಗೆ ಚಿತ್ರಕಲೆಯ ಗಂಧವಿರಲಿಲ್ಲ.

ಮುಂದೆ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಅನಿಮೇಷನ್ ಡಿಪ್ಲೊಮಾಗೆ ಸೇರಿದೆ. ಕೊನೆಯ ಅವಧಿಯಲ್ಲಿ ತರಗತಿಗಳಿಲ್ಲ, ಪ್ರತಿಯೊಬ್ಬರೂ ಮನೆಯಲ್ಲೇ ಕೂತು ಯಾರ ನೆರವೂ ಇಲ್ಲದೆ ಒಂದು ಪುಟ್ಟ ಚಿತ್ರ ಮಾಡಿ ಒಪ್ಪಿಸಬೇಕು. ಹೆಚ್ಚೆಂದರೆ ಎರಡು ನಿಮಿಷದ ಚಿತ್ರ, ಹನ್ನೆರಡು ವಾರದ ಗಡುವು. ನಾನು ಲೆಕ್ಕ ಹಾಕಿದೆ: ವಾರಕ್ಕೆ ಹತ್ತೇ ಹತ್ತು ಸೆಕೆಂಡು. ಹತ್ತು ಸೆಕೆಂಡಿನಲ್ಲಿ ಮನುಷ್ಯ ಒಂದು ಲೋಟ ನೀರು ಕುಡಿಯಬಹುದು. ಇಷ್ಟು ಸಲೀಸಾದ ಕೆಲಸಕ್ಕೆ ಹನ್ನೆರಡು ವಾರ ಯಾಕೆ ಎಂದು ನನಗೆ ಅನುಮಾನವೇ ಬಂತು. ಒಂದೊಂದು ಸೆಕೆಂಡಿಗೂ ಹನ್ನೆರಡು ಚಿತ್ರ ಬರೆಯಬೇಕು ಎಂಬುದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿರುವುದು ಬೇರೆ, ಬರೆಯಲು ಕೂರುವುದು ಬೇರೆ. ಮೊದಲ ವಾರವನ್ನು ಆರು ಬಣ್ಣದ ಟೈಮ್‌ಟೇಬಲ್ಲಿಗೆ ಮೀಸಲಿಟ್ಟೆ.

ನನ್ನ ಕಥೆ ಸರಳ. ಕನಕಪುರದಿಂದ ರಾಮನಗರಕ್ಕೆ ಹೊರಟ ಬಸ್ಸನ್ನು ಒಂದು ಹುಂಜ ತಾನಾಗಿಯೇ ಹತ್ತುತ್ತದೆ. ಕಂಡಕ್ಟರು ಇಳಿಸಲು ನೋಡುತ್ತಾನೆ, ಅದು ಇಳಿಯುವುದಿಲ್ಲ. ಇದನ್ನು ಇಪ್ಪತ್ತೆಂಟು ತುಂಡುಗಳಾಗಿ, ನಮ್ಮ ಭಾಷೆಯಲ್ಲಿ ಶಾಟುಗಳಾಗಿ, ಒಡೆದುಕೊಂಡಿದ್ದೆ. ಮೂರನೆಯ ಶಾಟಿನಲ್ಲಿ ಹುಂಜ ಬಸ್ಸಿನ ಮೆಟ್ಟಿಲು ಹತ್ತುವ ಮೊದಲು ಒಮ್ಮೆ ಮೈ ಕೊಡವಿ ಗರಿ ಸರಿಮಾಡಿಕೊಳ್ಳುತ್ತದೆ. ಒಟ್ಟು ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡು ನನ್ನನ್ನು ನುಂಗಿತು. ಕುತ್ತಿಗೆಯ ಗರಿ ಸರಿಯಾದರೆ ಬಾಲದ ಗರಿ ಕೈಕೊಡುತ್ತಿತ್ತು, ಬಾಲ ಸರಿಮಾಡಿದರೆ ಜುಟ್ಟು ಜೋಲುತ್ತಿತ್ತು. ಪಕ್ಕದ ಮನೆಯವರ ಹುಂಜದ ಹಿಂದೆ ಫೋನು ಹಿಡಿದು ಅಲೆದೆ. ನಾನು ಕಂಡರೆ ಸಾಕು, ಅದು ಬೇಲಿ ಹಾರುವಂತಾಯಿತು. ಐದನೆಯ ವಾರ ನಮ್ಮ ಗೈಡ್ ಎಲ್ಲರ ಕೆಲಸವನ್ನೂ ನೋಡಿದರು. ಬೇರೆಯವರು ಇಡೀ ಚಿತ್ರವನ್ನು ಗೀಚುಗೆರೆಯಲ್ಲಾದರೂ ಮುಗಿಸಿ ತಂದಿದ್ದರು. ನಾನು ನಾಲ್ಕು ಸೆಕೆಂಡು ತೋರಿಸಿದೆ. ಅವರು ಎರಡು ಸಲ ನೋಡಿದರು.

"ಕೋಳಿ ಚೆನ್ನಾಗಿದೆ. ಸಿನಿಮಾ ಎಲ್ಲಿ?" ಅಂದರು.

ನಡೀತಾ ಇದೆ ಸರ್ ಅಂದೆ. ಮೊದಲು ಎಲ್ಲಾ ಶಾಟನ್ನೂ ಒರಟಾಗಿ ಬರೆದು ಮುಗಿಸಿ, ಆಮೇಲೆ ಗೆರೆ ತಿದ್ದಿ, ಆಮೇಲೆ ಬಣ್ಣ ತುಂಬಬೇಕು ಎಂದು ಅವರು ಆರನೆಯ ಸಲ ವಿವರಿಸಿದರು. ನಾನು ಆರನೆಯ ಸಲ ತಲೆಯಾಡಿಸಿದೆ. ಸಂಜೆಯ ಬಸ್ಸಿಗೆ ಕನಕಪುರದ ಮನೆಗೆ ವಾಪಸಾದೆ. ಬಂದವಳೇ ಕಂಪ್ಯೂಟರ್ ಹಾಕಿ ಜುಟ್ಟು ತಿದ್ದಲು ಕೂತೆ.

ನಮ್ಮವ್ವ ಹಾರೋಹಳ್ಳಿಯ ಒಂದು ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಅವಳ ಕೈಕೆಳಗೆ ಒಂದು ಲೈನು, ಅಂದರೆ ಒಂದು ಸಾಲು ಮಿಷಿನ್ನು. ಒಬ್ಬಳು ಕಾಲರ್ ಕೂರಿಸಿದರೆ ಮುಂದಿನವಳು ತೋಳು, ಅದರ ಮುಂದಿನವಳು ಗುಂಡಿಪಟ್ಟಿ. ಗಂಟೆಗೊಮ್ಮೆ ಎಷ್ಟು ಪೀಸ್ ಆಯಿತು ಎಂದು ಬೋರ್ಡಿನ ಮೇಲೆ ಬರೆಯಬೇಕು. ಅಪ್ಪನಿಗೆ ಕುದೂರಿನ ಶಾಲೆಯಲ್ಲಿ ಕೆಲಸ, ಊರಿಗೆ ಬರುವುದು ತಿಂಗಳಿಗೆರಡು ಸಲ. ಹಾಡಿಲ್ಲದ್ದು ಸಿನಿಮಾವೇ ಅಲ್ಲ ಎಂದು ನಂಬಿದ್ದರಿಂದ ಅವರು ನನ್ನ ಕೆಲಸದ ಗೋಜಿಗೆ ಬರುತ್ತಿರಲಿಲ್ಲ. ಅವ್ವ ಮಾತ್ರ ದಿನಾ ಎಷ್ಟಾಯಿತೆಂದು ಕೇಳುವಳು, ನಾನು ಆಗ್ತಾ ಐತೆ ಅನ್ನುವೆ. ಆರನೆಯ ವಾರದ ಒಂದು ಭಾನುವಾರ ಅವ್ವ ಅವರೆಕಾಯಿ ಬಿಡಿಸುತ್ತಾ ನನ್ನ ಹಿಂದೆ ಕೂತಳು. ಕಾಯಿ ಮುಗಿಯಿತು, ಕೈಯಲ್ಲಿ ಮೊರ ಹಾಗೇ ಇತ್ತು. ನಾನು ಒಂದೇ ಜುಟ್ಟನ್ನು ಹನ್ನೊಂದು ಸಲ ಬರೆದು ಅಳಿಸಿದ್ದನ್ನು ಅವಳು ಎಣಿಸಿದ್ದಳು.

"ಮಗಾ, ಇದು ಪ್ರೊಡಕ್ಷನ್ ಅಲ್ಲ, ಬರೀ ಆಲ್ಟ್ರೇಷನ್ನು" ಅಂದಳು. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿಯುವುದಕ್ಕೆ ಅವರ ಕಾರ್ಖಾನೆಯಲ್ಲಿ ಹಾಗನ್ನುತ್ತಾರೆ.

ಅವತ್ತು ಸಂಜೆಯೊಳಗೆ ನನ್ನ ಕಸುಬನ್ನೆಲ್ಲ ಅವಳು ಬಿಡಿಸಿ ಕೇಳಿದಳು. ಒರಟು ಗೆರೆ ಅಂದರೆ ಕಟಿಂಗ್, ತಿದ್ದಿದ ಗೆರೆ ಸ್ಟಿಚಿಂಗ್, ಬಣ್ಣ ಫಿನಿಷಿಂಗ್, ಶಬ್ದ ಪ್ಯಾಕಿಂಗ್ ಎಂದು ತಾನೇ ಹೆಸರಿಟ್ಟಳು. ಕಟಿಂಗ್ ಮುಗಿಯದೆ ಸೂಜಿ ಮುಟ್ಟಬಾರದು. ಗೈಡ್ ಆರು ಸಲ ಹೇಳಿದ್ದೇ ಇದು, ಆದರೆ ಅವರು ಇಂಗ್ಲಿಷಿನಲ್ಲಿ ಹೇಳಿದ್ದರಿಂದ ನಾನು ಅದನ್ನು ಸಿದ್ಧಾಂತವೆಂದು ತಿಳಿದಿದ್ದೆ. ಕಲೆಯನ್ನು ಕಾಲರ್ ಲೆಕ್ಕದಲ್ಲಿ ಅಳೆಯಲಾಗದು ಎಂದು ವಾದಿಸಿದೆ. ಅವ್ವ ವಾದಕ್ಕೆ ಬರಲಿಲ್ಲ. ಹಳೆಯ ಕ್ಯಾಲೆಂಡರ್ ತಿರುಗಿಸಿ, ಹಿಂಬದಿಯಲ್ಲಿ ಗೆರೆ ಎಳೆದು, ಅಡುಗೆಮನೆಯ ಬಾಗಿಲ ಪಕ್ಕ ನೇತುಹಾಕಿದಳು. ನನ್ನ ಆರು ಬಣ್ಣದ ಟೈಮ್‌ಟೇಬಲ್ಲಿನ ಪಕ್ಕದಲ್ಲಿ ಅದು ಲಗ್ನಪತ್ರಿಕೆಯ ಪಕ್ಕ ಇಟ್ಟ ರೇಷನ್ ಚೀಟಿಯಂತೆ ಕಾಣುತ್ತಿತ್ತು.

ಬೆಳಿಗ್ಗೆ ಆರೂವರೆಗೆ ಅವ್ವ ಕಾರ್ಖಾನೆ ಬಸ್ಸಿಗೆ ಹೊರಡುವಳು. ಮಧ್ಯಾಹ್ನ ಹನ್ನೆರಡೂವರೆಗೆ, ಊಟದ ಬಿಡುವಿನಲ್ಲಿ, ಫೋನು ಬರುವುದು. "ಎಷ್ಟು?" ಅಷ್ಟೇ ಮಾತು. ಆ ಫೋನಿಗೆ ನಾನು ಹೆದರಿದಷ್ಟು ಯಾವ ಪರೀಕ್ಷೆಗೂ ಹೆದರಿರಲಿಲ್ಲ. ಹನ್ನೆರಡು ಗಂಟೆಯಿಂದಲೇ ಮುಗಿದ ಶಾಟುಗಳನ್ನು ಎಣಿಸತೊಡಗುತ್ತಿದ್ದೆ. ಫೋನು ಶುರುವಾದ ಮೊದಲ ವಾರ ನಿಜ ಹೇಳಿದೆ, ಕೆಲಸವೂ ನಡೆಯಿತು. ಒಂದು ದಿನ ಎರಡು ಶಾಟ್ ಆಗಿತ್ತು, ಮೂರನೆಯದು ಇನ್ನೇನು ಮುಗಿಯುವುದರಲ್ಲಿತ್ತು. ಮೂರು ಅಂದೆ. ಸಂಜೆಯೊಳಗೆ ಮುಗಿಸುತ್ತೇನೆ ಎಂಬ ಧೈರ್ಯ. ಸಂಜೆಯೊಳಗೆ ಮುಗಿಯಲಿಲ್ಲ, ಏಕೆಂದರೆ ಮಧ್ಯಾಹ್ನ ಸುಮ್ಮನೆ ಒಂದು ಕ್ಷಣ ಎಂದುಕೊಂಡು ಹುಂಜದ ಜುಟ್ಟನ್ನು ತೆರೆದಿದ್ದೆ. ಮಾರನೆಯ ದಿನ ಹಿಂದಿನ ದಿನದ ಒಂದು ಸುಳ್ಳನ್ನು ಮುಚ್ಚಲು ಎರಡು ಬೇಕಾಯಿತು. ಅವ್ವನಿಗೆ ಕಂಪ್ಯೂಟರ್ ತಿಳಿಯದು. ನಾನು ಹೇಳಿದ್ದನ್ನು ಸಂಜೆ ಬಂದು ಕೈಕಾಲು ತೊಳೆಯುವ ಮೊದಲೇ ಕ್ಯಾಲೆಂಡರಿನ ಮೇಲೆ ಬರೆದು, ಒಂದು ಹೆಜ್ಜೆ ಹಿಂದೆ ಸರಿದು ನೋಡುವಳು. ಆ ನೋಟವನ್ನು ನೋಡಲಾಗದೆ ನಾನು ಎದ್ದು ಹೋಗಿ ಇಲ್ಲದ ಕಸ ಗುಡಿಸುತ್ತಿದ್ದೆ.

ಹನ್ನೊಂದನೆಯ ವಾರದ ಶನಿವಾರ ಅವ್ವ ಖುಷಿಯಿಂದ ಬಂದಳು. ತನ್ನ ಲೈನಿನ ಹೆಣ್ಣುಮಕ್ಕಳಿಗೆಲ್ಲ ದಿನಾ ಊಟದ ಹೊತ್ತಿನಲ್ಲಿ ನನ್ನ ಲೆಕ್ಕ ಹೇಳುತ್ತಿದ್ದಳಂತೆ. ಅವರಲ್ಲಿ ಮೂವರು, ನಾಳೆಯಲ್ಲ, ಅದರ ಮುಂದಿನ ಭಾನುವಾರ ಸಿನಿಮಾ ನೋಡಲು ಮನೆಗೇ ಬರುತ್ತಾರಂತೆ. ಅದರ ಮಾರನೆಯ ಸೋಮವಾರವೇ ನಾನು ಚಿತ್ರ ಒಪ್ಪಿಸುವ ದಿನ. ಕ್ಯಾಲೆಂಡರಿನ ಪ್ರಕಾರ ಇಪ್ಪತ್ತೆಂಟೂ ಶಾಟು ಕಟಿಂಗ್ ಮುಗಿದು, ಇಪ್ಪತ್ತಕ್ಕೆ ಸ್ಟಿಚಿಂಗ್ ಆಗಿತ್ತು. ಕಂಪ್ಯೂಟರಿನ ಪ್ರಕಾರ ಹತ್ತೊಂಬತ್ತು ಕಟಿಂಗ್, ಒಂಬತ್ತು ಸ್ಟಿಚಿಂಗ್. ಆ ರಾತ್ರಿ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಮುದ್ದೆ ಬಿಟ್ಟವರನ್ನು ನಮ್ಮ ಕಡೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ.

ಬೆಳಿಗ್ಗೆ ಅವ್ವ ಸೊಪ್ಪು ಸೋಸುತ್ತಿದ್ದಾಗ ಎದುರು ಹೋಗಿ ಕೂತೆ. ಕ್ಯಾಲೆಂಡರಲ್ಲಿ ಇರುವುದು ಸುಳ್ಳು ಎಂದು ಹೇಳಿದೆ. ಅವಳು ಕಣ್ಣೆತ್ತಲಿಲ್ಲ.

"ಎಷ್ಟು ಸುಳ್ಳು?"

ಒಂಬತ್ತು ಶಾಟು ಇನ್ನೂ ಮುಟ್ಟಿಯೇ ಇಲ್ಲ ಅಂದೆ. ಅವ್ವ ಸೊಪ್ಪಿನ ಕಟ್ಟು ಮುಗಿಸಿದಳು, ಎರಡನೆಯ ಕಟ್ಟು ಬಿಚ್ಚಿದಳು, ಅದನ್ನೂ ಸೋಸಿದಳು. ಅವಳು ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು.

"ನಾನೂ ಬರ್ದಿದೀನಿ ಕಣೆ" ಅಂದಳು ಕೊನೆಗೆ. "ಮಿಷಿನ್ ಮೇಲೆ ಕೂತಿದ್ದಾಗ, ನಲವತ್ತು ಆಗಿದ್ರೆ ಐವತ್ತು ಅಂತ. ಬರ್ದ್‌ಬುಡಬೋದು. ಆದ್ರೆ ಪಕ್ಕದ ಮಿಷಿನ್ನೋಳು ಆ ಹತ್ತು ಪೀಸ್ ಎಲ್ಲಿ ಅಂತ ಕಾಯ್ತಾ ಕೂತಿರ್ತಾಳೆ. ಬೈಗುಳ ಅವಳಿಗೆ ಬೀಳ್ತದೆ. ನಿನ್ನ ಪಕ್ಕದಲ್ಲಿ ಯಾರವ್ರೆ?"

ಯಾರೂ ಇಲ್ಲ, ನಾನೊಬ್ಬಳೇ ಅಂದೆ.

"ಹಂಗಾರೆ ಬೈಸ್ಕೊಳೋಳೂ ನೀನೇ. ಏಳು, ಏನೈತೋ ಅಷ್ಟನ್ನೂ ಒಂದ್ಸಲ ತೋರ್ಸು."

ನಾನು ಕಣ್ಣೀರು ಹಾಕುವ ತಯಾರಿಯಲ್ಲಿದ್ದೆ, ಅದಕ್ಕೂ ಸಮಯ ಸಿಗಲಿಲ್ಲ. ಇದ್ದದ್ದನ್ನೆಲ್ಲ ಸಾಲಾಗಿ ಜೋಡಿಸಿ ತೋರಿಸಿದೆ. ಹನ್ನೊಂದು ವಾರದಲ್ಲಿ ನಾನೂ ಹಾಗೆ ನೋಡಿರಲಿಲ್ಲ. ಮೂರನೆಯ ಶಾಟ್ ಬಂದಾಗ ಮೆಚ್ಚುಗೆಗಾಗಿ ಅವ್ವನ ಮುಖ ನೋಡಿದೆ. ಅವಳು ಹುಂಜವನ್ನು ನೋಡುತ್ತಲೇ ಇರಲಿಲ್ಲ.

"ಬಾಗ್ಲು ಯಾಕೆ ಡ್ರೈವರ್ ಕಡೆ ಐತೆ?" ಅಂದಳು.

ಹೌದು. ನಮ್ಮ ಬಸ್ಸುಗಳ ಬಾಗಿಲು ಎಡಕ್ಕೆ, ಡ್ರೈವರು ಬಲಕ್ಕೆ. ನಾನು ಬಾಗಿಲನ್ನು ಬಲಕ್ಕೆ ಬರೆದಿದ್ದೆ. ನನ್ನ ಹುಂಜ ಗರಿಗರಿಯಾಗಿ ಮೈ ಕೊಡವಿಕೊಂಡು, ಲಾರಿಗಳು ಓಡಾಡುವ ರಸ್ತೆಯ ನಡುವಿನಿಂದ, ಜಗತ್ತಿನಲ್ಲಿ ಇಲ್ಲದ ಬಾಗಿಲಿಗೆ ಹಾರುತ್ತಿತ್ತು. ವರ್ಷಗಟ್ಟಲೆ ಬಸ್ಸು ಹತ್ತಿ ಇಳಿದ ನನಗೆ ಇದು ಕಾಣಲಿಲ್ಲ, ಬಾಗಿಲಿಗಿಂತ ಜುಟ್ಟು ಮುಖ್ಯವಾಗಿತ್ತು. ಆ ಶಾಟನ್ನು ಕನ್ನಡಿಯಂತೆ ತಿರುಗಿಸಿಬಿಡೋಣವೆಂದು ನೋಡಿದೆ. ಬಾಗಿಲೇನೋ ಸರಿಯಾಯಿತು, ಆದರೆ ಉಳಿದ ಶಾಟುಗಳಲ್ಲಿ ಬಲಕ್ಕೆ ಓಡುವ ಬಸ್ಸು ಇದೊಂದರಲ್ಲಿ ಎಡಕ್ಕೆ ಮುಖಮಾಡಿ, ರಾಮನಗರ ಬಿಟ್ಟು ಹಿಂದಕ್ಕೆ ಹೊರಟಿತು.

"ತೆಗ್ದಾಕು" ಅಂದಳು ಅವ್ವ.

ಆಗ ನಾನು ನಿಜವಾಗಿ ಅತ್ತೆ. ಐದು ವಾರದ ಕೆಲಸ ಅದು. ಅವ್ವ ಕಾದಳು. ರಿಜೆಕ್ಟ್ ಆದ ಪೀಸಿನ ಮುಂದೆ ಕೂತು ಅತ್ತ ಹೆಂಗಸರನ್ನು ಅವಳು ಎಷ್ಟೋ ಜನ ಕಂಡವಳು. ಆಮೇಲೆ ಇಬ್ಬರೂ ಕೂತು ಆರ್ಡರನ್ನೇ ಕಡಿಮೆ ಮಾಡಿದೆವು. ಇಪ್ಪತ್ತೆಂಟು ಶಾಟು ಹದಿನೇಳಾಯಿತು. ಹುಂಜ ಹೇಗೆ ಹತ್ತಿತು ಎಂಬುದನ್ನೇ ಬಿಟ್ಟು, ಬಸ್ಸು ಹೊರಟ ಮೇಲೆ ಕಂಡಕ್ಟರು ತಿರುಗಿ ನೋಡಿದರೆ ಅದು ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿರುವಂತೆ ಮಾಡಿದೆ. ಅರ್ಧ ದಿನದ ಕೆಲಸ. ನಿದ್ದೆಗೆಟ್ಟು ಮುಗಿಸುತ್ತೇನೆ ಅಂದದ್ದಕ್ಕೆ ಅವ್ವ ಒಪ್ಪಲಿಲ್ಲ. ರಾತ್ರಿ ಹೊಲಿದದ್ದೆಲ್ಲ ಬೆಳಿಗ್ಗೆ ಆಲ್ಟ್ರೇಷನ್ನಿಗೆ ವಾಪಸ್ ಬರುತ್ತದೆಂದು ಒಂಬತ್ತಕ್ಕೆಲ್ಲ ಕಂಪ್ಯೂಟರಿನ ಪ್ಲಗ್ ಕಿತ್ತುಬಿಡುವಳು. ಆ ವಾರ ಹನ್ನೆರಡೂವರೆಯ ಫೋನಿಗೆ ನಾನು ಒಂದು, ಎರಡು, ಒಂದು ದಿನವಂತೂ ಸೊನ್ನೆ ಎಂದೂ ಹೇಳಿದೆ. ಸೊನ್ನೆ ಅಂದ ದಿನ ಅವ್ವ, ಯಾಕೆ ಎಂದಷ್ಟೇ ಕೇಳಿ, ಕಂಡಕ್ಟರಿನ ಓಡಾಟವಿದ್ದ ಒಂದು ಶಾಟನ್ನು ನಿಂತ ಭಂಗಿಗೆ ಇಳಿಸಲು ಹೇಳಿದಳು.

ಪರೀಕ್ಷೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸೋಮವಾರ ಚಿತ್ರ ಒಪ್ಪಿಸಿದೆ, ಪಾಸಾದೆ. ಹೊರಗಿನಿಂದ ಬಂದ ಪರೀಕ್ಷಕರು, ಹುಂಜ ಹತ್ತುವುದನ್ನು ತೋರಿಸದೇ ಬಿಟ್ಟ ನನ್ನ ಸಂಯಮವನ್ನು ಬಹಳ ಮೆಚ್ಚಿ, ಇದು ಹೇಗೆ ಹೊಳೆಯಿತು ಎಂದು ಕೇಳಿದರು. ಕಥೆಯ ಜೊತೆಗೇ ಹೊಳೆದಿತ್ತು ಸರ್ ಅಂದೆ. ಐದನೆಯ ವಾರ ಆ ನಾಲ್ಕು ಸೆಕೆಂಡು ನೋಡಿದ್ದ ಗೈಡ್ ನನ್ನನ್ನೇ ನೋಡಿ ಆಮೇಲೆ ಕಿಟಕಿಯ ಕಡೆ ನೋಡಿದರು.

ಆದರೆ ನನ್ನ ನಿಜವಾದ ಪರೀಕ್ಷೆ ನಡೆದದ್ದು ಅದರ ಹಿಂದಿನ ಭಾನುವಾರ. ಬೆಳಿಗ್ಗೆ ಒಂಬತ್ತೂವರೆಗೆ ಚಿತ್ರವನ್ನೆಲ್ಲ ಒಂದೇ ಫೈಲಾಗಿ ಹೊರತೆಗೆಯಲು ಹಾಕಿದೆ. ಹತ್ತಕ್ಕೆ, ಅದು ಮುಗಿಯಲು ಇನ್ನು ಎಂಟೇ ನಿಮಿಷ ಇರುವಾಗ, ಕರೆಂಟು ಹೋಯಿತು. ಹನ್ನೊಂದಕ್ಕೆ ಅವ್ವನ ಲೈನಿನ ಮೂವರೂ ಬಂದರು. ಸಲ್ಮಾ ಎಂಬಾಕೆ ಡಬ್ಬಿಯಲ್ಲಿ ಶಾವಿಗೆ ಪಾಯಸ ತಂದಿದ್ದಳು. ಅವಳು ನಾಲ್ಕರ ಬಸ್ಸಿಗೆ ಹಾರೋಹಳ್ಳಿಗೆ ವಾಪಸ್ ಹೋಗಬೇಕಿತ್ತು. ಊಟವಾಯಿತು, ಕರೆಂಟಿಲ್ಲ. ಎಲೆ ಅಡಿಕೆ ಆಯಿತು, ಕರೆಂಟಿಲ್ಲ. ವಾರಕ್ಕೆ ಒಂದೇ ರಜೆ ಇರುವ ಮೂವರು ಹೆಂಗಸರು ಕಪ್ಪು ಪರದೆಯ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದರು. ನಾನು ಒಳಗೂ ಹೊರಗೂ ಓಡಾಡಿ ಹೊಸ್ತಿಲು ಸವೆಸಿದೆ. ಮೂರು ಗಂಟೆ ದಾಟಿದ ಮೇಲೆ ಫ್ಯಾನು ತಿರುಗಿತು. ಮತ್ತೆ ಮೊದಲಿನಿಂದ ಹಾಕಿ, ಅದು ತೊಂಬತ್ತೊಂಬತ್ತಕ್ಕೆ ಬಂದು ನಿಂತು, ನಿಂತೇ ಇದ್ದು, ನೂರಾದಾಗ ನಾಲ್ಕಕ್ಕೆ ಹತ್ತು ನಿಮಿಷ. ಐದು ಗಂಟೆ ಕಾದವರಿಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ಸಿನಿಮಾ ತೋರಿಸಿದೆ.

ಕಂಡಕ್ಟರು ಅಲುಗಾಡದೆ ನಿಂತು ಹುಂಜವನ್ನು ದಿಟ್ಟಿಸುವ ಕಡೆ ಮೂವರೂ ಬಿದ್ದು ಬಿದ್ದು ನಕ್ಕರು. ನಾನು ಓಡಾಟ ಬರೆಯಲಾಗದೆ ನಿಲ್ಲಿಸಿದ್ದ ಶಾಟ್ ಅದು. ಮತ್ತೆ ಹಾಕಿಸಿದರು, ಮತ್ತೆ ನಕ್ಕರು. ಸಲ್ಮಾಳ ಬಸ್ಸು ಹೋಯಿತು. ಮೂರನೆಯ ಸಲ ಕೊನೆಯಲ್ಲಿ ಹೆಸರುಗಳು ಬಂದಾಗ ಅವಳು ಒಂದೊಂದನ್ನೇ ಗಟ್ಟಿಯಾಗಿ ಓದಿದಳು. ಕಥೆ ಸೌಮ್ಯ, ಚಿತ್ರ ಸೌಮ್ಯ, ಬಣ್ಣ ಸೌಮ್ಯ, ಶಬ್ದ ಸೌಮ್ಯ, ನಿರ್ವಹಣೆ ಸೌಮ್ಯ. ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

"ಇಷ್ಟನ್ನೂ ನೀವೊಬ್ರೇ ಮಾಡಿದ್ರಾ?"

ನಾನು ಅವ್ವನ ಕಡೆ ನೋಡಿದೆ. ಅವಳು ಮಡಿಲಲ್ಲಿ ಸಲ್ಮಾಳ ಡಬ್ಬಿ ಇಟ್ಟುಕೊಂಡು ಸೆರಗಿನಿಂದ ಅದರ ಮುಚ್ಚಳ ಒರೆಸುತ್ತಿದ್ದಳು.

"ಹೂಂ ಕಣವ್ವ, ಒಬ್ಳೇ" ಅಂದಳು.

ಹೊರಗಿನವರ ನೆರವು ಇರಬಾರದೆಂಬುದು ಸಂಸ್ಥೆಯ ನಿಯಮ, ನಿಜ. ಆದರೆ ಆ ಚಾಪೆಯ ಮೇಲೆ ಸಂಸ್ಥೆಯವರು ಯಾರೂ ಕೂತಿರಲಿಲ್ಲ. ನಾಲ್ಕು ಜನ ಹೆಂಗಸರ ಮುಂದೆ ಇದರಲ್ಲಿ ಅವ್ವನ ಪಾಲೂ ಇದೆ ಎಂದು ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ನಾನು ಬಾಯಿ ತೆರೆದೆ. ಒಸಿ ಟೀ ಮಾಡ್ತೀನಿ ಇರಿ ಎಂದು ಹೇಳಿ ಅಡುಗೆಮನೆಗೆ ಹೋದೆ.