ಮೂರು ಪದರಿನ ಬೇಸ್

ಸಿಂದಗಿಯ ಮದುವೆಯಲ್ಲಿ ನಮ್ಮ ಆರ್ಕೆಸ್ಟ್ರಾದ ಮಷೀನು ಕೆಟ್ಟಿತು ಎಂದು ನಮ್ಮ ಇಂಡಿ ಊರ ತುಂಬ ಹೇಳುತ್ತಾರೆ. ಇದಕ್ಕೆ ನನ್ನ ವಿರೋಧವಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸದಾ ವಿರೋಧ ಪಕ್ಷದಲ್ಲೇ ನಿಂತವನು ನಾನು. ಒಮ್ಮೆ ತೀರ್ಪು ನನ್ನ ಕಡೆ ಬಂದಾಗಲೂ ಕೊಟ್ಟ ಕಾರಣ ಸರಿಯಿಲ್ಲವೆಂದು ನಿರ್ಣಾಯಕರೊಡನೆ ಜಗಳ ತೆಗೆದಿದ್ದೆ. ಮಷೀನು ಕೆಡಲಿಲ್ಲ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಂತೆ ಒಪ್ಪಿಸುವುದೇ ಕೆಡುವುದಾದರೆ ಮಾತು ಬೇರೆ.

ನಮ್ಮ ಬೇಸ್ ಗಿಟಾರಿನ ಅಶೋಕ ಮುನಿಸಿಕೊಂಡು ಮುದ್ದೇಬಿಹಾಳದ ಆರ್ಕೆಸ್ಟ್ರಾ ಪಾರ್ಟಿ ಸೇರಿಬಿಟ್ಟಿದ್ದ. ಗಿಟಾರು ನಮ್ಮ ಪಾರ್ಟಿಯ ಮಾಲೀಕ ಮಲ್ಲಣ್ಣ ಕಾಕಾನದು, ಆದ್ದರಿಂದ ಹೋದದ್ದು ಬೆರಳು ಮಾತ್ರ. ಬೆರಳೇಕೆ ಬೇಕು ಎಂದು ನಾನು ವಾದ ಹೂಡಿದೆ. ಸೋಲಾಪುರದಿಂದ ತಂದ ಹಳೇ ಸ್ಯಾಂಪ್ಲರೊಂದು ನಮ್ಮಲ್ಲಿತ್ತು. ಹೊರಗಿನ ದನಿಯನ್ನು ನುಂಗಿಟ್ಟುಕೊಂಡು, ಕೀ ಒತ್ತಿದಾಗ ಕಕ್ಕುವ ಪೆಟ್ಟಿಗೆ ಅದು. ತಂತಿಯನ್ನು ಮೆತ್ತಗೆ, ಹದವಾಗಿ, ಜೋರಾಗಿ ಮೀಟಿ ಮೂರು ಪದರು ತುಂಬಿಸಿದರೆ, ಕೀ ಮೆತ್ತಗೆ ಒತ್ತಿದಾಗ ಮೆತ್ತನೆಯ ಪದರು, ಜೋರಾಗಿ ಒತ್ತಿದಾಗ ಗುಡುಗುವ ಪದರು. ಪೆಟ್ಟಿಗೆಯ ಹೊಟ್ಟೆ ಸಣ್ಣದು; ಒಂದು ಮೀಟಿನ ದನಿಯನ್ನೇ ಇಳಿಸಿ ಏರಿಸಿ ಅಕ್ಕಪಕ್ಕದ ಕೀಗಳಿಗೆಲ್ಲ ಹಂಚಬೇಕಿತ್ತು.

"ಸಿಂದಗ್ಯಾಗ ಬೇಸ್ ಕೇಳಸಲಿಲ್ಲಂದ್ರ ಅಶೋಕನ್ನ ಕರಸ್ತೇನಿ," ಎಂದ ಕಾಕಾ. "ಆಮ್ಯಾಲೆ ನೀ ಮೈಕಿನ ವಾಯರ್ ಸುತ್ತಕೋತ ಕೂಡು."

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೈಕಿಟ್ಟು ಎಲ್ಲವನ್ನೂ ತುಂಬಿಸಿದೆ. ನುಡಿಸಿ ತೋರಿಸಲು ಹಾರ್ಮೋನಿಯಂ ನುಡಿಸುವ ದತ್ತೋಪಂತ ಮಾಸ್ತರರನ್ನು ಕರೆದೆ. ವೇದಿಕೆಯಲ್ಲಿ ಆ ಪೆಟ್ಟಿಗೆಯ ಕೀಬೋರ್ಡ್ ನುಡಿಸಬೇಕಾದವರು ಅವರೇ. ನಮ್ಮ ಮನೆಯೆದುರು ನಿಂಬೆಹಣ್ಣಿನ ಟೆಂಪೋಗಳ ಹಾವಳಿ. ನಾನು ಜೋರು ಪದರು ಒತ್ತಿದಾಗಲೆಲ್ಲ ಹೊರಗೆ ಹಾರ್ನು. ಕಿಟಕಿ ಮುಚ್ಚಿದೆ. ಮತ್ತೆ ಹಾರ್ನು. ಸಂದಿಗೆ ಬಟ್ಟೆ ತುರುಕಿ, ಡ್ರೈವರುಗಳ ಸಂಸ್ಕಾರದ ಬಗ್ಗೆ ಸಣ್ಣದೊಂದು ಭಾಷಣ ಮಾಡಿದೆ. ಮಾಸ್ತರರು ಅಡಿಕೆ ಕತ್ತರಿಸುತ್ತ ಕೇಳಿಸಿಕೊಂಡರು.

ಸಿಂದಗಿಯಲ್ಲಿ ಮಾಸ್ತರರು ನುಡಿಸತೊಡಗಿದರೆ ಬೇಸ್ ಕೇಳುವುದೇ ಇಲ್ಲ. ಜೀವಮಾನವೆಲ್ಲ ಹಾರ್ಮೋನಿಯಂ ನುಡಿಸಿದ ಕೈ. ದನಿ ಏರಿಸುವುದೆಂದರೆ ಅವರಿಗೆ ಎಡಗೈಯಿಂದ ಭಾತೆ ಒತ್ತಿ ಗಾಳಿ ಹಾಕುವುದು. ಬಲಗೈ ಕೀಗಳ ಮೇಲೆ ಹೂವಿನಂತೆ ಓಡುತ್ತಿತ್ತು, ಎಡಗೈ ಕೀಬೋರ್ಡಿನ ಹಿಂದೆ ಇಲ್ಲದ ಭಾತೆಯನ್ನು ಒತ್ತುತ್ತಿತ್ತು. ವಾಲ್ಯೂಮ್ ಏರಿಸಬಹುದಿತ್ತಲ್ಲ ಎನ್ನುವಿರಿ. ಪೂರ್ತಿ ಏರಿಸಿದೆ, ಸಾಲಲಿಲ್ಲ. ಮುಂದಿನದಕ್ಕೆ ಅದೇ ಮೆರುಗು ಕೊಟ್ಟಿತು.

"ಮಾಸ್ತರ, ಜೋರ್ ಒತ್ತರಿ," ಎಂದೆ ಕಿವಿಯಲ್ಲಿ.

"ಬ್ಯಾಡೋ ತಮ್ಮಾ, ಹಿಂಗ ಛಲೋ ಅದ."

"ಒತ್ತರಿ ಅಂತೇನಿ. ಕಾಕಾ ನೋಡಾಕತ್ತಾನ."

ಒತ್ತಿದರು. ಮಂಟಪದ ನಡುವೆ ಟೆಂಪೋ ಬಂದು ನಿಂತಿತು. ಊಟದ ಪಂಕ್ತಿಯವರು ಎಲೆ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಮಾಸ್ತರರು ಕೆಳಗಿನ ಕೀಗಿಳಿದರೆ ಲಾರಿ, ಮೇಲೇರಿದರೆ ಮೊಪೆಡ್ಡು. ಮದುವೆ ಹುಡುಗಿಯ ಸೋದರಮಾವ ಕೈಯಲ್ಲಿ ಸಾರಿನ ಬಕೀಟು ಹಿಡಿದೇ ಬಾಗಿಲಿಗೆ ಓಡಿ, "ಯಾರದ್ರಿ ಗಾಡಿ? ಹಿಂದ ತಗೀರಿ," ಎಂದು ಖಾಲಿ ರಸ್ತೆಗೆ ಹೇಳತೊಡಗಿದ. ತುಂಬಿಸುವಾಗ ಜೋರು ಪದರಿನ ಒಂದೇ ಒಂದು ಮೀಟಿನ ಜೊತೆ ಹಾರ್ನು ಒಳಹೊಕ್ಕಿತ್ತು; ಆಮೇಲೆ ನನ್ನ ಮನೆಯಲ್ಲಿ ಕೇಳಿದ್ದೆಲ್ಲ ಪೆಟ್ಟಿಗೆಯೊಳಗಿನ ಅದೇ ಹಾರ್ನು. ದೇವರಿಗೂ ಪುರಾವೆ ಕೇಳುವ ನಾನು, ಕಣ್ಣಿಗೆ ಕಾಣದ ಟೆಂಪೋವನ್ನು ಮಾತ್ರ ಪ್ರಶ್ನೆಯಿಲ್ಲದೆ ನಂಬಿದ್ದೆ.

"ಬೇಸ್ ಕೇಳಸ್ತಲ್ಲ ಕಾಕಾ," ಎಂದು ವಾದಿಸಿ ನೋಡಿದೆ.

"ಮುದ್ದೇಬಿಹಾಳತನಾ ಕೇಳಸೇತಿ," ಎಂದ ಕಾಕಾ. "ಅಶೋಕ ನಾಳೆ ಬರ್ತಾನ."

ಈಗ ಬಸವನ ಬಾಗೇವಾಡಿಯ ಕಾರ್ಯಕ್ರಮ ಮುಗಿದಿದೆ. ನಾನು ಕೂತು ವಾಯರು ಸುತ್ತುತ್ತಿದ್ದೇನೆ. ಮಾಸ್ತರರು ಪಕ್ಕದಲ್ಲೇ ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ತಬಲಾದ ಶ್ರುತಿ ಕೂದಲೆಳೆಯಷ್ಟು ಇಳಿದರೂ ಮುಖ ಕಿವಿಚುವ ಕಿವಿ ಅವರದು. ಕೇಳಿಯೇಬಿಟ್ಟೆ: "ಮಾಸ್ತರ, ಖರೇ ಹೇಳ್ರಿ. ಅವತ್ತು ನೀವು ಮೆತ್ತಗ ಒತ್ತಿದ್ದು ಹಾರ್ಮೋನಿಯಂ ರೂಢಿಗೋ, ಒಳಗ ಟೆಂಪೋ ಐತಿ ಅಂತ ನಮ್ಮ ಮನ್ಯಾಗ ಕುಂತಾಗನ ಗೊತ್ತಾಗಿತ್ತೋ?"